ಸಹಾಯ ಬೇಕು: ಆರು ವರ್ಷ ನಿಂತಿದ್ದ ಯೆಜ್ಡಿ ಬೈಕ್, ಆಕ್ಸಿಲರೇಟರ್ ಕೊಟ್ಟರೆ ತಡವರಿಸುತ್ತಿದೆ

ಎಲ್ಲರಿಗೂ ನಮಸ್ಕಾರ. ಅಪ್ಪನ 1988ರ ಯೆಜ್ಡಿ ರೋಡ್‌ಕಿಂಗ್ ಆರು ವರ್ಷ ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತು. ನಮ್ಮ ಮೈಸೂರಲ್ಲೇ ತಯಾರಾದ ಗಾಡಿ. ಅಪ್ಪ ಹೋದ ಮೇಲೂ ಮಾರಲು ಮನಸ್ಸು ಬರಲಿಲ್ಲ.

ಈಗ ಎರಡು ಮೂರು ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಐಡ್ಲಿಂಗ್ ಚೆನ್ನಾಗಿದೆ. ಆದರೆ ಗೇರ್ ಹಾಕಿ ಆಕ್ಸಿಲರೇಟರ್ ಕೊಟ್ಟ ತಕ್ಷಣ ಉಸಿರು ಕಟ್ಟಿದ ಹಾಗೆ ತಡವರಿಸಿ, ಆಮೇಲೆ ಎಳೆಯುತ್ತದೆ. ಏರಿನಲ್ಲಂತೂ ಆಫ್ ಆಗಿಬಿಡುತ್ತದೆ.

ಟ್ಯಾಂಕ್ ತೊಳೆದು ಹೊಸ ಪೆಟ್ರೋಲ್ ಹಾಕಿದೆ, ಟು-ಸ್ಟ್ರೋಕ್ ಇಂಜಿನ್ ಆದ್ದರಿಂದ ಲೀಟರಿಗೆ 40 ಮಿ.ಲೀ. ಆಯಿಲ್ ಸೇರಿಸಿ. ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಎರಡು ಸಲ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳಿಗೆ ಗಾಳಿ ಹೊಡೆಸಿದೆ. ಪ್ಲಗ್, ಪಾಯಿಂಟ್, ಕಂಡೆನ್ಸರ್ ಎಲ್ಲ ಹೊಸದು.

ಗೊಂದಲ ಇಲ್ಲಿದೆ. ಚೋಕ್ (ಪೆಟ್ರೋಲ್ ಪಾಲು ಹೆಚ್ಚಿಸುವುದು) ಸ್ವಲ್ಪ ಹಾಕಿದರೆ ತಡವರಿಕೆ ಕಡಿಮೆಯಾಗುತ್ತದೆ. ಪ್ಲಗ್ ತುದಿಯೂ ಬೆಳ್ಳಗಿದೆ. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಗಾಳಿ ಜಾಸ್ತಿ ಸೇರುತ್ತಿದೆ, ಅಲ್ವಾ? ಒಬ್ಬ ಮೆಕ್ಯಾನಿಕ್ ಪೈಲಟ್ ಜೆಟ್ (ಆಕ್ಸಿಲರೇಟರ್ ಕಡಿಮೆ ಇದ್ದಾಗ ಪೆಟ್ರೋಲ್ ಕೊಡುವ ಜೆಟ್) ದಾರಿ ಇನ್ನೂ ಕಟ್ಟಿದೆ ಎನ್ನುತ್ತಾರೆ. ಇನ್ನೊಬ್ಬರು ನಿಂತು ನಿಂತು ಕ್ರ್ಯಾಂಕ್ ಆಯಿಲ್ ಸೀಲ್ (ಇಂಜಿನ್ ಒಳಗೆ ಹೊರಗಿನ ಗಾಳಿ ನುಗ್ಗದಂತೆ ತಡೆಯುವ ರಬ್ಬರ್) ಒಣಗಿದೆ, ಇಂಜಿನ್ ಇಳಿಸಲೇಬೇಕು ಎನ್ನುತ್ತಾರೆ. ಗಾಳಿ ಸೇರುತ್ತಿದೆಯಾ ಅಂತ ಮ್ಯಾನಿಫೋಲ್ಡ್ (ಕಾರ್ಬ್ಯುರೇಟರ್ ಇಂಜಿನ್‌ಗೆ ಸೇರುವ ಕೊಳವೆ) ಸುತ್ತ ಸೋಪು ನೀರು ಹಾಕಿ ನೋಡಿದೆ, ವ್ಯತ್ಯಾಸ ಕಾಣಲಿಲ್ಲ.

ಇಂಜಿನ್ ಬಿಚ್ಚದೆ, ತೊಂದರೆ ಸೀಲಿನದೋ ಜೆಟ್‌ನದೋ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದ್ದರೆ ದಯವಿಟ್ಟು ತಿಳಿಸಿ.