ಸೋಮನಾಥಪುರದಲ್ಲಿ ಮುಸುಕಿನ ಜೋಳ ಇದೆಯಾ? ಇತಿಹಾಸದ ಮೇಷ್ಟ್ರ ಜತೆ ಪ್ರಶ್ನೋತ್ತರ

ಅಡ್ಮಿನ್: ನಿವೃತ್ತ ಇತಿಹಾಸ ಮೇಷ್ಟ್ರು ರಾತ್ರಿ ಹತ್ತರವರೆಗೆ ಇರ್ತಾರೆ. ವಿಷಯ: ಖಂಡಖಂಡಗಳ ನಂಟು. ದಯವಿಟ್ಟು ಫಾರ್ವರ್ಡ್ ಬೇಡ.

ಹಾಸನದ ಹುಡುಗ: ಸರ್, ಮೆಣಸಿನಕಾಯಿ ನಮ್ಮದೇ ಅಲ್ವಾ?

ಮೇಷ್ಟ್ರು: ಅಲ್ಲಪ್ಪ, ಅಮೆರಿಕದ್ದು. ಇಲ್ಲಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಅದಕ್ಕೆ ಮುಂಚೆ ಖಾರಕ್ಕೆ ಕರಿಮೆಣಸು.

ಕೋಲಾರದವಳು: ಟೊಮೇಟೊ? ಆಲೂಗಡ್ಡೆ?

ಮೇಷ್ಟ್ರು: ಅವೂ ಅಲ್ಲಿಯವೇ. ಗೋಡಂಬಿ, ಸೀಬೆ, ಪರಂಗಿ, ಕಡಲೆಕಾಯಿ ಕೂಡ.

ಟೂರಿಸ್ಟ್ ಗೈಡ್, ಮೈಸೂರು: ಸೋಮನಾಥಪುರದ ಕೇಶವ ದೇವಸ್ಥಾನ 1258ರದ್ದು. ಅಲ್ಲಿ ವಿಗ್ರಹಗಳ ಕೈಯಲ್ಲಿ ಮುಸುಕಿನ ಜೋಳದ ತೆನೆ ಇದೆ ಅಂತ ಬಂದವರಿಗೆಲ್ಲ ತೋರಿಸ್ತೀನಿ. ಮುಸುಕಿನ ಜೋಳವೂ ಅಮೆರಿಕದ್ದೇ ಅಂತಾರೆ, ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಹೇಗೆ ಸರ್ ಇದು?

ಮೇಷ್ಟ್ರು: ಇದು ನಕ್ಕು ಬಿಡುವ ಪ್ರಶ್ನೆ ಅಲ್ಲ. 1989ರಲ್ಲಿ ಕಾರ್ಲ್ ಜೋಹಾನೆಸೆನ್ ಎಂಬ ಅಮೆರಿಕದ ಭೂಗೋಳಶಾಸ್ತ್ರಜ್ಞರು ಸಹಲೇಖಕರೊಬ್ಬರ ಜತೆ ಅದು ಜೋಳದ ತೆನೆಯೇ ಎಂದು ವಾದಿಸಿದರು. 1993ರಲ್ಲಿ ಪಾಯಕ್ ಮತ್ತು ಸಚನ್ ಎಂಬ ನಮ್ಮ ವಿಜ್ಞಾನಿಗಳು ಅಲ್ಲ ಎಂದರು. ಅದು ಮುತ್ತು ಪೋಣಿಸಿದಂಥ ಕಲ್ಪನೆಯ ಹಣ್ಣು, ಮುಕ್ತಾಫಲ.

ನನಗೆ ಎರಡನೆಯ ವಾದವೇ ಸರಿ ಕಾಣುತ್ತದೆ. ಕಲ್ಲು ನೋಡಿ ಬೆಳೆ ಹೇಳಬಾರದು. ಜೋಳ ತಾನಾಗಿ ಕಾಳು ಉದುರಿಸಿಕೊಂಡು ಹರಡುವುದಿಲ್ಲ, ಮನುಷ್ಯನೇ ಬಿಡಿಸಿ ಬಿತ್ತಬೇಕು. ಹೊಯ್ಸಳರ ಕಾಲದಲ್ಲಿ ಅದನ್ನು ಬೆಳೆದಿದ್ದರೆ ಅಗೆತದಲ್ಲಿ ಸುಟ್ಟ ಕಾಳೋ ದಂಟೋ ಸಿಗಬೇಕಿತ್ತು. ಎಲ್ಲರೂ ಒಪ್ಪುವಂಥದ್ದು ಸಿಕ್ಕಿಲ್ಲ. ಇನ್ನೊಂದು, ಬೀಜ ಬರಬೇಕಾದರೆ ಹಡಗು ಓಡಾಡಬೇಕು, ಹಡಗಿನ ಜತೆ ರೋಗವೂ ಓಡಾಡುತ್ತದೆ. 1520ರಲ್ಲಿ ಮೆಕ್ಸಿಕೋದ ಜನ ಸಿಡುಬಿಗೆ ಗುಂಪುಗುಂಪಾಗಿ ಸತ್ತರು, ನಮ್ಮ ಕಡೆ ಹಳೆಯದಾದ ಆ ರೋಗ ಅವರಿಗೆ ಪರಿಚಯವೇ ಇರಲಿಲ್ಲ. ಶತಮಾನಗಳ ಹೋಗಿಬರುವಿಕೆ ಇದ್ದಿದ್ದರೆ ಹೀಗಾಗುತ್ತಿತ್ತೇ?

ದೇಶಭಕ್ತ 77: ನಮ್ಮವರ ಸಾಧನೆ ಅಂದ್ರೆ ಈ ಪ್ರೊಫೆಸರ್‌ಗಳಿಗೆ ಉರಿ.

ಕುಡ್ಲದವ: ಮಾರಾಯ, ಜೋಳ ಅಂದದ್ದೇ ಅಮೆರಿಕದವರು. ಅಲ್ಲ ಅಂದದ್ದು ನಮ್ಮವರು. ಓದಿ ಮಾತಾಡಿ.

ದೇಶಭಕ್ತ 77: ನಿನ್ನ ಕೇಳಿಲ್ಲ.

ಕೆಎಎಸ್ ಆಕಾಂಕ್ಷಿ: ಸರ್, ಪಿಡಿಎಫ್ ನೋಟ್ಸ್ ಇದೆಯಾ?

ಧಾರವಾಡ ಅಕ್ಕ: ಈಜಿಪ್ಟಿನ ಪಪೈರಸ್ ಅನ್ನೋ ಹಳೇ ಜೊಂಡಿನ ಹಾಳಿ ಒಂದರ ಗ್ರೀಕ್ ಪ್ರಹಸನದಾಗ ಕನ್ನಡ ಮಾತದಾವ ಅಂತಾರಲ್ರೀ, ಖರೇನ?

ಕುಡ್ಲದವ: ಸರ್, ಹಾಗಾದರೆ ಆ ಕಾಲದಲ್ಲಿ ನಮಗೆ ಹೊರಗಿನ ನಂಟೇ ಇರಲಿಲ್ಲವಾ?

ಮೇಷ್ಟ್ರು: ಇತ್ತು, ನಿಮ್ಮ ಊರಲ್ಲೇ! ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಟ್ಯುನೀಷಿಯಾ ಕಡೆಯವನು. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ, 1149ರಲ್ಲಿ ಯೆಮನ್ ದೇಶದ ಏಡನ್‌ಗೆ ಹೊರಟ. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಏಡನ್‌ನಿಂದ ಹಳೆಯ ಪಾತ್ರೆ ಬರುತ್ತಿತ್ತು, ಕರಗಿಸಿ ಹೊಸದು ಮಾಡಿಸಿ ಕಳಿಸುತ್ತಿದ್ದ. ಜತೆಗೆ ಮೆಣಸು, ಕಬ್ಬಿಣ, ಅಡಿಕೆ. ಅಲ್ಲಿಂದ ಕಾಗದ, ಸಕ್ಕರೆ, ದ್ರಾಕ್ಷಿ. ಅವನ ಆಳು ಬೊಮ್ಮ ವ್ಯವಹಾರಕ್ಕೆ ಏಡನ್‌ವರೆಗೂ ಹೋಗಿದ್ದ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ 1132ರದ್ದೇ ಇದೆ. ಇವೆಲ್ಲ ಸಿಕ್ಕಿದ್ದು ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಕಾಗದದ ರಾಶಿಯಲ್ಲಿ. ಹೆಚ್ಚಿನವು ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ. ಕಳಿಸಿದವರು ಯಾರು, ಎಷ್ಟು ಬಾಕಿ, ಯಾವ ಸರಕು ಹಾಳಾಯಿತು ಎಲ್ಲ ಅದರಲ್ಲಿದೆ. ನಂಟು ಅಂದರೆ ಹೀಗೆ ಲೆಕ್ಕ ಸಿಗಬೇಕು.

ದೇಶಭಕ್ತ 77: *(ಫಾರ್ವರ್ಡ್)* ಅಮೆರಿಕದ ಮಾಯಾ ನಾಗರಿಕತೆ ಕಟ್ಟಿದ್ದು ಮಯಾಸುರ!! ಹತ್ತು ಜನರಿಗೆ ಕಳಿಸಿ.

ಮೇಷ್ಟ್ರು: ಒಂದಕ್ಷರ ಹೊಂದಿದರೆ ಒಂದು ಖಂಡ ಹೊಂದುವುದಿಲ್ಲ. ಪರೀಕ್ಷೆ ಬರೆಯುವವರು ಇದನ್ನು ಮುಟ್ಟಬೇಡಿ, ಸೊನ್ನೆ ಬೀಳುತ್ತದೆ.

ಬೆಂಗಳೂರು ಅಂಕಲ್: ಮೆಣಸಿನಕಾಯಿ ನಮ್ಮದಲ್ಲವೇ ಸರ್?

ಮೇಷ್ಟ್ರು: ಮೇಲೆ ಓದಿ.

ಬೆಂಗಳೂರು ಅಂಕಲ್: ಸ್ವಲ್ಪ ಮರ್ಯಾದೆಯಿಂದ ಹೇಳಬಹುದಿತ್ತು.

ಕೆಎಎಸ್ ಆಕಾಂಕ್ಷಿ: ಸರ್ ಪಿಡಿಎಫ್??

ಟೂರಿಸ್ಟ್ ಗೈಡ್, ಮೈಸೂರು: ನಾಳೆ ಬೆಳಗ್ಗೆ ಒಂದು ಬಸ್ ಜನ ಬರ್ತಿದ್ದಾರೆ. ಏನು ಹೇಳಲಿ?

ಮೇಷ್ಟ್ರು: ಎರಡೂ ವಾದ ಹೇಳಿ. ಜೋಳ ಎನ್ನುವವರಿಗೆ ಕಾಳು ಎಲ್ಲಿ ಅಂತ ಕೇಳಿ. ನಾನು ಹೊರಟೆ.

ಧಾರವಾಡ ಅಕ್ಕ: ನನ್ನ ಪಪೈರಸ್ಸಿನ ಮಾತು ಹಂಗೇ ಉಳೀತಲ್ರೀ?

ಅಡ್ಮಿನ್: ಹತ್ತಾಯಿತು. ಕಮೆಂಟ್ ಬಂದ್. 77, ನೀವು ಒಂದು ವಾರ ಹೊರಗೆ.