ಸಿಡುಕ, ಮುಂಗೋಪಿ: ಎರಡೂ ಒಂದೇನಾ?

(ಪದಗಳ ಬಗ್ಗೆ ಒಂದು ಚರ್ಚೆ. ಪ್ರತಿ ಮಾತಿನ ಮುಂದಿರುವುದು ಬರೆದವರ ಅಡ್ಡಹೆಸರು.)

ಒಂಟಿಕೊಪ್ಪಲು: ಮೈಸೂರಿನಲ್ಲಿ ಮಕ್ಕಳ ನಾಟಕಕ್ಕೆ ಮಂಡ್ಯ ಕಡೆಯ ಒಬ್ಬ ಹೋಟೆಲ್ ಮಾಲೀಕನ ಪಾತ್ರ ಬರೀತಿದ್ದೀನಿ. ಸದಾ ಗೊಣಗ್ತಾನೆ, ಗಿರಾಕಿ ಎರಡನೇ ಸಲ ಚಟ್ನಿ ಕೇಳಿದ್ರೂ ಮುಖ ಗಂಟಿಕ್ತಾನೆ. ಇವನು ಸಿಡುಕನೋ, ಮುಂಗೋಪಿಯೋ?

ಆಲೆಮನೆ: ಸಿಡುಕ, ಅನುಮಾನವೇ ಬೇಡ. ಸಿಡುಕು ‘ಸಿಡಿ’ಯಿಂದ ಬಂದದ್ದು. ಸಣ್ಣ ಸಣ್ಣದಕ್ಕೆ, ದಿನವಿಡೀ ಚಿಟಪಟ ಅನ್ನೋ ಸ್ವಭಾವ. ದೊಡ್ಡ ಕೋಪ ಇರಲೇಬೇಕು ಅಂತಿಲ್ಲ. ಮುಂಗೋಪಿ ಉಳಿದ ಹೊತ್ತು ನಗ್ತಾ ಇರಬಹುದು, ವಿಚಾರಿಸೋ ಮುಂಚೆಯೇ ಒಮ್ಮೆಗೇ ಭುಗಿಲೆದ್ದು ಅಷ್ಟೇ ಬೇಗ ತಣ್ಣಗಾಗ್ತಾನೆ. ಕೋಪದಲ್ಲಿ ಕೊಯ್ದ ಮೂಗಿನ ಗಾದೆ ಇವನಿಗೇ ಸರಿ, ಸಿಡುಕನಿಗಲ್ಲ. ಸಿಡುಕ ಮೂಗು ಕೊಯ್ಯೋದಿಲ್ಲ, ಮುರೀತಾನೆ ಅಷ್ಟೆ!

ಹೆಂಗಸಾದರೆ ಸಿಡುಕಿ. ಮುಂಗೋಪಿ ಇಬ್ಬರಿಗೂ ಒಂದೇ ರೂಪ. ಸಿಡುಕು ಕ್ರಿಯಾಪದವೂ ಹೌದು: ‘ಹುಡುಗನ ಮೇಲೆ ಸಿಡುಕಿದ’. ‘ಮುಂಗೋಪಿಸಿದ’ ಅಂತ ಮಾತ್ರ ಯಾರೂ ಅನ್ನಲ್ಲ, ಅಲ್ಲಿ ‘ರೇಗಿದ’ ಬೇಕು.

ಹಳಗನ್ನಡಪ್ರಿಯ: ಮುನ್ + ಕೋಪ = ಮುಂಗೋಪ. ಉತ್ತರಪದದ ಕಕಾರಕ್ಕೆ ಗಕಾರ, ಆದೇಶ ಸಂಧಿ. ಮುಂಗಾರು ಆದ ಹಾಗೆಯೇ. ‘ಮುನ್’ ಕನ್ನಡ, ‘ಕೋಪ’ ಸಂಸ್ಕೃತ, ಹಾಗಾಗಿ ಅರಿಸಮಾಸ (ಎರಡು ಭಾಷೆಯ ಪದ ಬೆರೆಸಿದ, ವ್ಯಾಕರಣ ಒಪ್ಪದ ಸಮಾಸ) ಎಂದು ಆಕ್ಷೇಪಿಸುವವರು ಇರಬಹುದು. ಬಳಕೆ ಅದನ್ನು ಯಾವತ್ತೋ ಒಪ್ಪಿಕೊಂಡಿದೆ.

ಒಂಟಿಕೊಪ್ಪಲು: ಸಿಡಿಮಿಡಿ?

ಆಲೆಮನೆ: ಅದು ಆ ಹೊತ್ತಿನ ಸ್ಥಿತಿ, ಸ್ವಭಾವ ಅಲ್ಲ. ಶಾಂತ ಮನುಷ್ಯನೂ ಬಸ್ಸು ತಪ್ಪಿದರೆ ಸಿಡಿಮಿಡಿಗೊಳ್ತಾನೆ. ಪಾತ್ರಪರಿಚಯದಲ್ಲಿ ಹಾಕಬೇಡಿ, ರಂಗಸೂಚನೆಗೆ ಇಟ್ಕೊಳ್ಳಿ.

ಕೆರೆ ಏರಿ: ಸಂಭಾಷಣೇಲಿ ‘ನೀನು ಸಿಡುಕ’ ಅಂತ ಬರೆದರೆ ಪುಸ್ತಕದ ಮಾತಾಗುತ್ತೆ. ನಮ್ಮ ಕಡೆ ಬೆನ್ನ ಹಿಂದೆ ‘ಸಿಡುಕ್ ಮೂತಿ’, ‘ಮಾತಾಡ್ಸುದ್ರೆ ಸಾಕು, ಮೈಮ್ಯಾಲೆ ಬತ್ತನೆ’ ಅಂತಾರೆ. ಎದುರಿಗೆ, ಅದೂ ಸಲಿಗೆ ಇದ್ದರೆ, ‘ಅದ್ಯಾಕಂಗ್ ಸಿಡುಕ್ತೀಯಾ?’. ಹಿರಿಯರ ಬಗ್ಗೆ ಆದರೆ ‘ಅವರದು ಸ್ವಲ್ಪ ಸಿಡುಕು ಸ್ವಭಾವ’ ಅಂತ ಮೆತ್ತಗೆ. ದೂರ್ವಾಸ ಅನ್ನೋ ಅಡ್ಡಹೆಸರು ಈ ಮಾಲೀಕನಿಗೆ ಬೇಡ, ಅದು ಶಾಪ ಕೊಡೋ ಮಟ್ಟದ ಮುಂಗೋಪಿಗೆ. ಚಟ್ನಿಗೆ ಶಾಪ ಜಾಸ್ತಿ ಆಯ್ತು.