ಎಟಿಆರ್ ಆಡ್-ಆನ್: ಇದು ವಿಮಾನದ ದೋಷವಾ, ನನ್ನ ಕಡೆಯ ತಪ್ಪಾ?

ಕುಂಬಳೆ_ಗಾಳಿ:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಕುಂಬಳೆಯವನು. ಮೂರು ವರ್ಷದಿಂದ ಮನೆಯಲ್ಲಿ ಸಿಮ್ (ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್) ಹಾರಿಸುತ್ತಿದ್ದೇನೆ, ಇಷ್ಟು ದಿನ ಸೆಸ್ನಾ 172 ಬಿಟ್ಟು ಬೇರೆ ಮುಟ್ಟಿರಲಿಲ್ಲ. ಒಮ್ಮೆ ಮಂಗಳೂರಿನಿಂದ ಬೆಂಗಳೂರಿಗೆ ಎಟಿಆರ್ 72ರಲ್ಲಿ ಹೋಗಿದ್ದೆ. ಕಿಟಕಿ ಹೊರಗೆ ಆರು ಅಲಗಿನ ಪ್ರೊಪೆಲ್ಲರ್, ಮಳೆಗಾಲದ ಮೋಡ, ಕೆಳಗೆ ಘಟ್ಟ. ಸಿಮ್‌ನಲ್ಲೂ ಇದನ್ನೇ ಹಾರಿಸಬೇಕು ಅಂತ ಅವತ್ತೇ ಮನಸ್ಸಿಗೆ ಬಂದಿತ್ತು. ಈಗ ದುಡ್ಡು ಕೂಡಿಸಿ ಒಂದು ಎಟಿಆರ್ 72-600 ಆಡ್-ಆನ್ (ಸಿಮ್‌ಗೆ ಬೇರೆಯಾಗಿ ಸೇರಿಸುವ ವಿಮಾನ) ತಗೊಂಡಿದ್ದೇನೆ. ಯಾರು ಮಾಡಿದ್ದು ಅಂತ ಹೆಸರು ಹಾಕುವುದಿಲ್ಲ, ತಪ್ಪು ಅವರದ್ದೋ ನನ್ನದೋ ಇನ್ನೂ ಗೊತ್ತಿಲ್ಲ.

ತೊಂದರೆ ಒಂದೆರಡಲ್ಲ. ಗೇಟ್‌ನಲ್ಲಿ ಲೋಡ್ ಆದ ಕೂಡಲೇ ವಿಮಾನ ಒಂದಡಿ ಮೇಲೆ ಜಿಗಿದು ಧಪ್ ಅಂತ ಕೂರುತ್ತದೆ, ಆಮೇಲೆ ಅರ್ಧ ನಿಮಿಷ ತೊಟ್ಟಿಲಿನ ಹಾಗೆ ತೂಗುತ್ತದೆ. ಟ್ಯಾಕ್ಸಿ ಮಾಡುವಾಗ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದರೂ ವೇಗ ಏರುತ್ತಲೇ ಹೋಗಿ 30 ನಾಟ್ ದಾಟುತ್ತದೆ, ಇಡೀ ದಾರಿ ಬ್ರೇಕ್ ಒತ್ತಿಕೊಂಡೇ ಹೋಗಬೇಕು. ಬಲಗಡೆ ಟ್ಯಾಂಕ್ ಬೇಗ ಇಳಿಯುತ್ತದೆ, ನಿನ್ನೆ ಟೇಕಾಫ್‌ಗೆ ಮೊದಲೇ ಎರಡು ಟ್ಯಾಂಕಿಗೂ 60 ಕೆಜಿ ವ್ಯತ್ಯಾಸ ಇತ್ತು. ಐಎಲ್‌ಎಸ್ (ರನ್‌ವೇಗೆ ದಾರಿ ತೋರಿಸುವ ರೇಡಿಯೊ ಸಿಗ್ನಲ್) ಹಿಡಿದ ಮೇಲೆ ಆಟೋಪೈಲಟ್ ನೇರ ಹೋಗದೆ ಹಾವಿನ ಹಾಗೆ ಎಡಕ್ಕೆ ಬಲಕ್ಕೆ ಹೊರಳುತ್ತದೆ.

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಮಂಗಳೂರಿನ 24ನೇ ನಂಬರ್ ರನ್‌ವೇಗೆ ಇಳಿಯುವಾಗಿನ ರೇಡಿಯೊ ಆಲ್ಟಿಮೀಟರ್. ರನ್‌ವೇ ಕಣ್ಣೆದುರಿಗೇ ಇರುತ್ತದೆ, ಅದು ಇನ್ನೂ 400 ಅಡಿ ಅನ್ನುತ್ತಿರುತ್ತದೆ, ಮರುಕ್ಷಣವೇ 100, 50, 30 ಅಂತ ಒಂದೇ ಉಸಿರಿಗೆ ಓದಿ ಮುಗಿಸುತ್ತದೆ. ನಾನು ಗಾಬರಿಯಲ್ಲಿ ಥ್ರಾಟಲ್ ಎಳೆದರೆ ವಿಮಾನ ಮರದಿಂದ ತೆಂಗಿನಕಾಯಿ ಬಿದ್ದ ಹಾಗೆ ಬೀಳುತ್ತದೆ. ನಿನ್ನೆ ನೆಲ ಮುಟ್ಟಿದ್ದು ನಿಮಿಷಕ್ಕೆ 720 ಅಡಿ ವೇಗದಲ್ಲಿ.

ಕಂಪ್ಯೂಟರ್ ರೈಜನ್ 5, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1660. ಜಾಯ್‌ಸ್ಟಿಕ್ ಹಳೆಯದು, ಅದರಲ್ಲೇ ಒಂದು ಚಿಕ್ಕ ಥ್ರಾಟಲ್ ಇದೆ. ದುಡ್ಡು ವಾಪಸ್ ಕೇಳಲು ಇನ್ನು ಐದು ದಿನ ಇದೆ. ಏನು ಮಾಡಲಿ, ಹೇಳಿ.

ಹೊಸೂರು_ಫಿಟ್ಟರ್:

ವಾಪಸ್ ಕೇಳುವ ಮೊದಲು ಸ್ವಲ್ಪ ತಡೆಯಿರಿ. ನೀವು ಬರೆದದ್ದರಲ್ಲಿ ಒಂದೆರಡು ದೋಷವೇ ಅಲ್ಲ.

ಮೊದಲು ಆ ರೇಡಿಯೊ ಆಲ್ಟಿಮೀಟರ್. ಅದು ರನ್‌ವೇಯಿಂದ ಎಷ್ಟು ಎತ್ತರ ಅಂತ ಹೇಳುವುದಿಲ್ಲ. ಈ ಕ್ಷಣ ವಿಮಾನದ ಹೊಟ್ಟೆಯ ಕೆಳಗೆ ಯಾವ ನೆಲ ಇದೆಯೋ ಅಲ್ಲಿಗೆ ರೇಡಿಯೊ ಅಲೆ ಬಿಟ್ಟು, ಅದು ವಾಪಸ್ ಬರುವುದನ್ನು ನೋಡಿ ಎತ್ತರ ಹೇಳುತ್ತದೆ. ಬಜ್ಪೆಯದ್ದು, ಅಂದರೆ ಮಂಗಳೂರು ವಿಮಾನ ನಿಲ್ದಾಣದ್ದು, ಗುಡ್ಡದ ತಲೆ ಸಮ ಮಾಡಿ ಕಟ್ಟಿದ ಟೇಬಲ್ ಟಾಪ್ ರನ್‌ವೇ, ಉದ್ದ 2450 ಮೀಟರ್, ಎರಡೂ ತುದಿಯಲ್ಲಿ ನೆಲ ಜಾರಿ ಕೆಳಗೆ ಹೋಗುತ್ತದೆ. ನೀವು ಆ ತಗ್ಗಿನ ಮೇಲೆ ಇರುವಾಗ ಅದು ತಗ್ಗಿನ ತಳಕ್ಕೆ ಅಳೆಯುತ್ತದೆ. ಗುಡ್ಡದ ಅಂಚು ದಾಟಿದ ಕೂಡಲೇ ನೆಲವೇ ಎದ್ದು ಹತ್ತಿರ ಬಂದುಬಿಡುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಆ ಸಂಖ್ಯೆ ಹಾರಿದರೆ ನಿಮ್ಮ ಆಡ್-ಆನ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಬೆಂಗಳೂರಿನಲ್ಲಿ ಒಮ್ಮೆ ಇಳಿಸಿ ನೋಡಿ, ಅಲ್ಲಿ ಒಂದೇ ಸಮ ಇಳಿದುಕೊಂಡು ಬರುತ್ತದೆ. ಬಜ್ಪೆಗೆ ಇಳಿಯುವಾಗ ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯ ಒತ್ತಡ) ಹಾಕಿದ ಮಾಮೂಲಿ ಆಲ್ಟಿಮೀಟರ್ ಮತ್ತು ನಿಮ್ಮ ಕಣ್ಣು, ಇವೆರಡನ್ನು ನಂಬಿ. ರನ್‌ವೇ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಮೇಲಿದೆ ಅಂತ ತಲೆಯಲ್ಲಿರಲಿ.

ಇನ್ನು ಬೀಳುವುದು. ಎಟಿಆರ್‌ನ ಒಂದೊಂದು ಪ್ರೊಪೆಲ್ಲರ್ ಅಡ್ಡಳತೆ ಹತ್ತಿರ ಹತ್ತಿರ 4 ಮೀಟರ್. ಲಿವರ್ ಅನ್ನು ಫ್ಲೈಟ್ ಐಡಲ್‌ಗೆ (ಹಾರುವಾಗಿನ ಅತಿ ಕಮ್ಮಿ ಶಕ್ತಿಗೆ) ಎಳೆದಾಗ ಅಲಗುಗಳು ಚಪ್ಪಟೆಯಾಗಿ ಗಾಳಿಗೆ ಅಡ್ಡ ನಿಲ್ಲುತ್ತವೆ, ಎರಡು ದೊಡ್ಡ ತಟ್ಟೆ ಎದುರಿಗೆ ಹಿಡಿದ ಹಾಗೆ. ಅದರ ಜೊತೆ, ಪ್ರೊಪೆಲ್ಲರ್ ರೆಕ್ಕೆಯ ಮೇಲೆ ಊದುತ್ತಿದ್ದ ಗಾಳಿಯೂ ಕಮ್ಮಿಯಾಗುತ್ತದೆ. 50 ಅಡಿಯಲ್ಲೇ ಎಳೆದರೆ ಬಿದ್ದೇ ಬೀಳುತ್ತದೆ. 20 ಅಡಿ ತನಕ ಸ್ವಲ್ಪ ಟಾರ್ಕ್ (ಎಂಜಿನ್ ಪ್ರೊಪೆಲ್ಲರ್‌ಗೆ ಕೊಡುವ ತಿರುಗುಬಲ) ಉಳಿಸಿಕೊಳ್ಳಿ, ಆಮೇಲೆ ಮೂಗು ಒಂಚೂರು ಎತ್ತುತ್ತಾ ನಿಧಾನಕ್ಕೆ ಎಳೆಯಿರಿ.

ಟ್ಯಾಕ್ಸಿ ವಿಷಯ ನಿಮ್ಮ ಥ್ರಾಟಲ್‌ನದ್ದು ಇರಬೇಕು. ಕಾಕ್‌ಪಿಟ್ ಒಳಗೆ ಪವರ್ ಲಿವರ್ ಹತ್ತಿರ ಕ್ಯಾಮೆರಾ ತನ್ನಿ. ಎಫ್‌ಐ (ಫ್ಲೈಟ್ ಐಡಲ್) ಅಂತ ಒಂದು ಗುರುತು, ಅದರ ಹಿಂದೆ ಜಿಐ (ಗ್ರೌಂಡ್ ಐಡಲ್, ನೆಲದ ಮೇಲೆ ಇರುವಾಗಿನದ್ದು), ಇನ್ನೂ ಹಿಂದೆ ರಿವರ್ಸ್. ನಿಮ್ಮ ಕೈಯಲ್ಲಿರುವ ಥ್ರಾಟಲ್ ಹಿಂದಿನ ತುದಿ ಮುಟ್ಟಿದಾಗ ಪರದೆಯ ಲಿವರ್ ಎಲ್ಲಿ ನಿಂತಿದೆ? ಎಫ್‌ಐನಲ್ಲೇ ನಿಂತಿದ್ದರೆ ನೆಲದ ಮೇಲೂ ಪ್ರೊಪೆಲ್ಲರ್ ತಳ್ಳುತ್ತಲೇ ಇರುತ್ತದೆ. ನಿಜ ವಿಮಾನದಲ್ಲಿ ಲಿವರ್‌ನ ಟ್ರಿಗರ್ ಎತ್ತಿ ಜಿಐಗೆ ತರುತ್ತಾರೆ. ಆಡ್-ಆನ್‌ನ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಒಂದು ಬಟನ್ ಕೊಡಲು ಜಾಗ ಇರುತ್ತದೆ, ಹುಡುಕಿ.

ಇನ್ನೊಂದು ಮಾತು, ನಿಮ್ಮದು ಕಡಲ ಪಕ್ಕದ ಊರು. ನಾನು ಇಲ್ಲಿ ಕಾರ್ಖಾನೆಯಲ್ಲಿ ಫಿಟ್ಟರ್, ಹಳೆ ಜಾಯ್‌ಸ್ಟಿಕ್ ಸಿಕ್ಕಿದರೆ ಬಿಚ್ಚಿ ನೋಡುತ್ತೇನೆ. ಅಗ್ಗದ ಸ್ಟಿಕ್‌ಗಳ ಒಳಗೆ ಪೊಟೆನ್ಷಿಯೊಮೀಟರ್ ಇರುತ್ತದೆ, ಇಂಗಾಲದ ಪಟ್ಟಿಯ ಮೇಲೆ ಲೋಹದ ಸಣ್ಣ ನಾಲಿಗೆ ಜಾರುತ್ತದೆ. ಪಟ್ಟಿ ಸವೆದು ಅದರ ಮೇಲೆ ಧೂಳು, ತೇವ ಕೂತರೆ ಕೈ ಮುಟ್ಟದಿದ್ದರೂ ಸಿಗ್ನಲ್ ನಡುಗುತ್ತದೆ. ವಿಂಡೋಸ್‌ನಲ್ಲಿ ಗೇಮ್ ಕಂಟ್ರೋಲರ್ ಟೆಸ್ಟ್ ತೆಗೆದು, ಕೈ ಬಿಟ್ಟು ಎರಡು ನಿಮಿಷ ಆ ಪ್ಲಸ್ ಗುರುತನ್ನೇ ನೋಡಿ. ಅದು ಅಲುಗಾಡಿದರೆ ಸ್ವಲ್ಪ ಡೆಡ್ ಝೋನ್ (ನಡುವಿನ ಸಣ್ಣ ಅಲುಗಾಟವನ್ನು ಸಿಮ್ ಲೆಕ್ಕಕ್ಕೆ ತಗೊಳ್ಳದ ಜಾಗ) ಹಾಕಿ. ಆಮೇಲೆ ಆಟೋಪೈಲಟ್ ಬಗ್ಗೆ ಮಾತಾಡೋಣ.

ಮಂಜೇಶ್ವರ_737:

ಹೊಸೂರಿನವರು ಹೇಳಿದ್ದು ಸರಿ ಮಾರಾಯ್ರೆ, ಆದರೆ "ನಿಜ ವಿಮಾನವೂ ಹಾಗೇ" ಅನ್ನುವ ಉತ್ತರವನ್ನು ಎಲ್ಲದಕ್ಕೂ ಒಪ್ಪಬೇಡಿ. ಒಂದು ದೋಷಕ್ಕೆ ಈ ಉತ್ತರ ಸಿಕ್ಕಿ ನಾನು ಎಂಟು ತಿಂಗಳು ಸುಮ್ನೆ ಇದ್ದೆ, ಕೊನೆಗೆ ಅದು ದೋಷವೇ ಆಗಿತ್ತು, ಒಂದು ಅಪ್‌ಡೇಟ್‌ನಲ್ಲಿ ಸದ್ದಿಲ್ಲದೆ ಸರಿ ಮಾಡಿದರು. ದುಡ್ಡು ಕೊಟ್ಟವರು ಕೇಳಬೇಕು.

ಗೇಟ್‌ನಲ್ಲಿ ಜಿಗಿಯುವುದು ಖಂಡಿತ ದೋಷ. ತುಂಬಿದಾಗ ಸುಮಾರು 23 ಟನ್ ತೂಗುವ ವಿಮಾನ ನಿಂತಲ್ಲೇ ಕುಣಿಯುವುದಿಲ್ಲ. ಮೈಕ್ರೋಸಾಫ್ಟ್ ಸಿಮ್‌ಗಳಲ್ಲಿ ಪ್ರತಿ ವಿಮಾನಕ್ಕೂ ಕಾಂಟ್ಯಾಕ್ಟ್ ಪಾಯಿಂಟ್ಸ್ ಅಂತ ಇರುತ್ತದೆ, ಚಕ್ರಕ್ಕೆ ಒಂದು ಸಾಲು. ಚಕ್ರ ಎಲ್ಲಿದೆ, ನಿಂತಾಗ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆ, ತೂಗಾಟ ಎಷ್ಟು ಬೇಗ ತಣಿಯಬೇಕು ಎಲ್ಲಾ ಅದರಲ್ಲೇ. ಬೇರೆ ಒಂದು ಕಡೆ ವಿಮಾನ ನಿಂತಿರುವಾಗಿನ ಎತ್ತರ ಬರೆದಿರುತ್ತಾರೆ. ಸಿಮ್ ಮೊದಲು ವಿಮಾನವನ್ನು ಆ ಎತ್ತರಕ್ಕೆ ಇಡುತ್ತದೆ, ಆಮೇಲೆ ಸ್ಪ್ರಿಂಗ್ ಲೆಕ್ಕ ಶುರುವಾಗುತ್ತದೆ. ಎರಡೂ ತಾಳೆ ಆಗದಿದ್ದರೆ ಸ್ಪ್ರಿಂಗ್ ವಿಮಾನವನ್ನು ಮೇಲಕ್ಕೆ ಎಸೆಯುತ್ತದೆ. ತಣಿಸುವ ಸಂಖ್ಯೆ ಕಮ್ಮಿ ಇದ್ದರೆ ನೀವು ಹೇಳಿದ ತೊಟ್ಟಿಲು. ನನ್ನ ಹತ್ತಿರ ಪುಕ್ಕಟೆಯ ಒಂದು ಹಳೆ ವಿಮಾನ ಹೀಗೇ ಮಾಡುತ್ತಿತ್ತು, ಫೈಲ್‌ನ ಕಾಪಿ ಇಟ್ಟುಕೊಂಡು ಆ ಸಂಖ್ಯೆಯನ್ನು 0.2ರಿಂದ 0.7ಕ್ಕೆ ಏರಿಸಿದೆ, ನಿಂತಿತು. ದುಡ್ಡು ಕೊಟ್ಟ ವಿಮಾನದಲ್ಲಿ ನೀವು ಕೈ ಹಾಕಬೇಡಿ, ಅವರೇ ಸರಿ ಮಾಡಲಿ.

ಆದರೆ ದೂರು ಕೊಡುವ ಮೊದಲು ಕಣ್ಣೂರಿನಲ್ಲೂ ಲೋಡ್ ಮಾಡಿ ನೋಡಿ. ಬಜ್ಪೆಯಲ್ಲಿ ಮಾತ್ರ ಜಿಗಿದರೆ ಅದು ಸೀನರಿಯ (ಸಿಮ್‌ನಲ್ಲಿ ನಿಲ್ದಾಣದ ಚಿತ್ರಣದ) ತಪ್ಪು, ಏಪ್ರನ್, ಅಂದರೆ ವಿಮಾನ ನಿಲ್ಲಿಸುವ ಜಾಗ, ಸರಿ ಇಲ್ಲ ಅಂತ. ಅದೇ ಗೇಟ್‌ನಲ್ಲಿ ನಿಮ್ಮ ಸೆಸ್ನಾ ಕೂಡ ಇಟ್ಟು ನೋಡಿ.

ಮಡಕಶಿರಾ_ಎಕ್ಸ್:

ಹಾವಿನ ಹಾಗೆ ಹೋಗುವಾಗ ಎಫ್‌ಪಿಎಸ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳು) ಎಷ್ಟಿತ್ತು ಅಂತ ನೋಡಿದ್ರಾ? 18, 20ಕ್ಕೆ ಇಳಿದರೆ ಆಟೋಪೈಲಟ್‌ಗೆ ತಿದ್ದಿಕೊಳ್ಳಲು ಸಿಗುವ ಅವಕಾಶವೇ ಕಮ್ಮಿ. ತಡವಾಗಿ ತಿದ್ದುತ್ತದೆ, ಜಾಸ್ತಿ ತಿದ್ದುತ್ತದೆ, ಮತ್ತೆ ಆ ಕಡೆಗೆ ಹೊರಳುತ್ತದೆ. ನಾನು ಎಕ್ಸ್-ಪ್ಲೇನ್ ಅನ್ನುವ ಬೇರೆ ಸಿಮ್ ಹಾರಿಸುವವನು, ಅದರಲ್ಲಂತೂ 20ಕ್ಕಿಂತ ಕೆಳಗೆ ಹೋದರೆ ಸಿಮ್ ಸಮಯವನ್ನೇ ನಿಧಾನ ಮಾಡಿಬಿಡುತ್ತದೆ, ಲೆಕ್ಕ ಕೆಡಬಾರದು ಅಂತ. ಮೋಡದ ಗುಣಮಟ್ಟ ಒಂದು ಹಂತ ಇಳಿಸಿ, ಬೇರೆ ವಿಮಾನಗಳ ಟ್ರಾಫಿಕ್ ತೆಗೆದು, 30ಕ್ಕೆ ಲಾಕ್ ಮಾಡಿ ಅದೇ ಅಪ್ರೋಚ್ ಮತ್ತೆ ಹಾರಿಸಿ. ಸಮಯ 4 ಪಟ್ಟು ಓಡಿಸುತ್ತಾ ಐಎಲ್‌ಎಸ್ ಹಿಡಿಯಲು ಹೋಗಬೇಡಿ, ಅದರಲ್ಲೂ ಹೀಗೇ ಆಗುತ್ತದೆ.

ಸೊಲ್ಲಾಪುರ_ಮಾಸ್ತರ:

ತಮ್ಮಾ, ಇಂಧನದ ಬಗ್ಗೆ ಯಾರೂ ಕೇಳಲಿಲ್ಲ, ನಾನು ಕೇಳುತ್ತೇನೆ. ಗೇಟ್‌ನಲ್ಲಿ ಎಷ್ಟು ಹೊತ್ತು ಹೋಟೆಲ್ ಮೋಡ್‌ನಲ್ಲಿ ಇದ್ದಿ? ಎಟಿಆರ್‌ನಲ್ಲಿ ಎಪಿಯು (ನಿಂತಿರುವಾಗ ಕರೆಂಟ್ ಕೊಡುವ ಚಿಕ್ಕ ಎಂಜಿನ್) ಇಲ್ಲ. ಗೇಟ್‌ನಲ್ಲಿ ಕರೆಂಟ್‌ಗೆ, ಎಸಿಗೆ ಬಲಗಡೆ ಎಂಜಿನ್ನನ್ನೇ ಓಡಿಸುತ್ತಾರೆ, ಅದರ ಪ್ರೊಪೆಲ್ಲರ್‌ಗೆ ಮಾತ್ರ ಬ್ರೇಕ್ ಹಾಕಿರುತ್ತಾರೆ, ಇದೇ ಹೋಟೆಲ್ ಮೋಡ್. ಜನ ಎಡಗಡೆ ಹಿಂದಿನ ಬಾಗಿಲಿನಿಂದ ಹತ್ತುತ್ತಾರೆ, ಅದಕ್ಕೇ ಬಲಗಡೆ ಎಂಜಿನ್. ಆ ಎಂಜಿನ್ ಕುಡಿಯುವುದು ಬಲಗಡೆ ಟ್ಯಾಂಕಿನದ್ದೇ. ನೀನು ಚೆಕ್‌ಲಿಸ್ಟ್ ಓದುತ್ತಾ ಅರ್ಧ ತಾಸು ಕೂತಿದ್ದರೆ 60 ಕೆಜಿ ಹೋಗಿರಬಹುದು. ಅದು ದೋಷ ಅಲ್ಲ. ಇಷ್ಟು ಚೆನ್ನಾಗಿ ಮಾಡಿದ್ದಾರಲ್ಲ ಅಂತ ನನಗೆ ಓದಿ ಖುಷಿಯಾಯಿತು.

ಹಾರುವಾಗಲೂ ಬಲಗಡೆಯೇ ಬೇಗ ಇಳಿದರೆ ಆಗ ದೋಷ. ಇಂಧನದ ನಿಜವಾದ ದೋಷ ಹೇಗಿರುತ್ತದೆ ಅಂತ ಹೇಳುತ್ತೇನೆ ಕೇಳು. ಪುಕ್ಕಟೆ ಸಿಕ್ಕಿದ ಒಂದು ಚಿಕ್ಕ ಟರ್ಬೊಪ್ರಾಪ್ ಇತ್ತು ನನ್ನ ಹತ್ತಿರ. ಯಾವಾಗಲೂ ಪುಸ್ತಕದಲ್ಲಿ ಇರುವುದಕ್ಕಿಂತ ಬೇಗ ಮೇಲೆ ಏರುತ್ತಿತ್ತು. ಎಂಜಿನ್ ಶಕ್ತಿ ಜಾಸ್ತಿ ಇಟ್ಟಿದ್ದಾರೆ ಅಂತ ತಿಂಗಳುಗಟ್ಟಲೆ ಅಂದುಕೊಂಡಿದ್ದೆ. ಒಂದು ದಿನ ಕಾಗದ ಪೆನ್ನು ಹಿಡಿದು ತೂಕ ಕೂಡಿಸಿದೆ. ಗೇಜ್ 2000 ಕೆಜಿ ಇಂಧನ ತೋರಿಸುತ್ತಿದೆ, ಸಿಮ್‌ನ ಒಟ್ಟು ತೂಕದಲ್ಲಿ ಇಂಧನದ ಪಾಲು ಬರೀ 1791. ಎರಡನ್ನೂ ಭಾಗಿಸಿದಾಗ ಗೊತ್ತಾಯಿತು. ಈ ಸಿಮ್‌ಗಳು ಒಳಗೆ ಇಂಧನವನ್ನು ಗ್ಯಾಲನ್‌ನಲ್ಲಿ ಲೆಕ್ಕ ಇಡುತ್ತವೆ. ಜೆಟ್ ಇಂಧನ ಗ್ಯಾಲನ್‌ಗೆ 6.7 ಪೌಂಡ್, ಪಿಸ್ಟನ್ ಎಂಜಿನ್ನಿನ ಪೆಟ್ರೋಲ್ 6 ಪೌಂಡ್. ಆ ಪುಣ್ಯಾತ್ಮ ಫೈಲ್‌ನಲ್ಲಿ ಇಂಧನದ ವಿಧ 2 ಅಂತ ಬರೆಯುವ ಕಡೆ 1 ಬರೆದಿದ್ದ. ಗೇಜ್ ಒಂದು ಲೆಕ್ಕ, ಸಿಮ್ ಒಂದು ಲೆಕ್ಕ. ಒಂದೇ ಅಂಕಿ ತಿದ್ದಿದೆ, ಏರುವುದು ಪುಸ್ತಕದ ಹಾಗೇ ಬಂತು. ಅವರಿಗೆ ಬರೆದು ತಿಳಿಸಿದೆ, ಮುಂದಿನ ಆವೃತ್ತಿಯಲ್ಲಿ ಸರಿ ಮಾಡಿದರು.

ನೀನೂ ಬರೆಯುವುದಾದರೆ "ವಿಮಾನ ಜಿಗಿಯುತ್ತದೆ" ಅಂತ ಒಂದು ಸಾಲು ಬರೆದು ಬಿಡಬೇಡ. ಆಡ್-ಆನ್‌ನ ಆವೃತ್ತಿ, ಸಿಮ್‌ನ ಆವೃತ್ತಿ, ಯಾವ ಗೇಟ್, ಇಂಧನ ಎಷ್ಟು, ಜನ ಎಷ್ಟು, ಹತ್ತು ಸಲ ಲೋಡ್ ಮಾಡಿದರೆ ಎಷ್ಟು ಸಲ ಜಿಗಿಯಿತು. ಅವರು ತಮ್ಮ ಕಂಪ್ಯೂಟರಿನಲ್ಲಿ ಅದನ್ನೇ ಮಾಡಿ ನೋಡುವ ಹಾಗೆ ಬರೆದರೆ ಮಾತ್ರ ಉತ್ತರ ಬರುತ್ತದೆ ನೋಡು.

ಕುಂಬಳೆ_ಗಾಳಿ:

ಮೂರು ದಿನ ಕೂತು ಎಲ್ಲಾ ಒಂದೊಂದಾಗಿ ನೋಡಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮಾಸ್ತರೇ, ನೀವು ಹೇಳಿದ್ದೇ ನಿಜ, 35 ನಿಮಿಷ ಹೋಟೆಲ್ ಮೋಡ್‌ನಲ್ಲಿದ್ದೆ. ಹಾರುವಾಗ ಎರಡೂ ಟ್ಯಾಂಕ್ ಸಮ ಇಳಿಯುತ್ತವೆ. ಟ್ಯಾಕ್ಸಿಯೂ ಸರಿಯಾಯಿತು, ನನ್ನ ಥ್ರಾಟಲ್ ಎಫ್‌ಐನಲ್ಲೇ ನಿಲ್ಲುತ್ತಿತ್ತು. ಈಗ ಒಂದು ಬಟನ್ ಒತ್ತಿ ಜಿಐಗೆ ತರುತ್ತೇನೆ, 10 ನಾಟ್‌ನಲ್ಲಿ ಆರಾಮಾಗಿ ಹೋಗುತ್ತದೆ, ಬ್ರೇಕ್ ಅಪರೂಪಕ್ಕೆ ಬೇಕು. ಜಾಯ್‌ಸ್ಟಿಕ್ ಟೆಸ್ಟ್‌ನಲ್ಲಿ ಪ್ಲಸ್ ಗುರುತು ಬಲಕ್ಕೆ ಆಗಾಗ ಚಿಮ್ಮುತ್ತಿತ್ತು. ಡೆಡ್ ಝೋನ್ ಹಾಕಿ, ಎಫ್‌ಪಿಎಸ್ 30ಕ್ಕೆ ಲಾಕ್ ಮಾಡಿದ ಮೇಲೆ ಹೊರಳುವುದು ಮುಕ್ಕಾಲು ಪಾಲು ಹೋಯಿತು. ಇನ್ನೂ ಸ್ವಲ್ಪ ಇದೆ, ಜೋರು ಗಾಳಿ ಇದ್ದ ದಿನ ಕಾಣಿಸುತ್ತದೆ.

ಬೆಂಗಳೂರಿನಲ್ಲಿ ರೇಡಿಯೊ ಆಲ್ಟಿಮೀಟರ್ ಒಂದೇ ಸಮ ಓದಿತು. ಆಮೇಲೆ ಬಜ್ಪೆಗೆ ಬಂದು, ತಂಗಿಯನ್ನು ಪಕ್ಕದಲ್ಲಿ ಕೂರಿಸಿ ಟಾರ್ಕ್ ಸಂಖ್ಯೆ ಗಟ್ಟಿಯಾಗಿ ಓದಲು ಹೇಳಿದೆ, ನಾನು ರನ್‌ವೇ ಬಿಟ್ಟು ಕಣ್ಣು ತೆಗೆಯಲಿಲ್ಲ. 100, 50 ಅಂತ ಅದು ಅವಸರ ಮಾಡಿದಾಗಲೂ ಕೈ ತಡೆದೆ. ನಿಮಿಷಕ್ಕೆ 210 ಅಡಿ. ಮುಂದಿನ ಸಲ 190.

ಜಿಗಿತ ಮಾತ್ರ ಆಡ್-ಆನ್‌ನದ್ದೇ. ಕಣ್ಣೂರಿನಲ್ಲೂ ಜಿಗಿಯಿತು, ಸೆಸ್ನಾ ಎರಡೂ ಕಡೆ ಅಲುಗಾಡಲಿಲ್ಲ. ಹತ್ತು ಸಲ ಲೋಡ್ ಮಾಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಜನ, ಸಾಮಾನು, ಇಂಧನ ಎಲ್ಲಾ ತುಂಬಿಸಿ ಲೋಡ್ ಮಾಡಿದರೆ ಜಿಗಿಯುವುದಿಲ್ಲ, ಖಾಲಿ ಇದ್ದಾಗ ಮಾತ್ರ. ದುಡ್ಡು ವಾಪಸ್ ಕೇಳುವುದಿಲ್ಲ, ದೂರು ಇವತ್ತೇ ಬರೆಯುತ್ತೇನೆ.

ಮಂಜೇಶ್ವರ_737:

ಹಾಗಾದರೆ ತುಂಬಿದ ತೂಕಕ್ಕೆ ಮಾತ್ರ ಎತ್ತರ ಹೊಂದಿಸಿದ್ದಾರೆ, ಖಾಲಿ ವಿಮಾನವನ್ನೂ ಅಷ್ಟೇ ಕೆಳಗೆ ಇಡುತ್ತಿದೆ, ಕುಗ್ಗಿದ ಸ್ಪ್ರಿಂಗ್ ಮೇಲಕ್ಕೆ ನೂಕುತ್ತಿದೆ. ಇದನ್ನೇ ಹೀಗೇ ಬರೆಯಿರಿ, ಅವರಿಗೆ ಹುಡುಕುವ ಕೆಲಸವೇ ಇಲ್ಲ.

ಹೊಸೂರು_ಫಿಟ್ಟರ್:

ಕಳಿಸುವ ಮೊದಲು ಇನ್ನೊಂದು ಅರ್ಧ ಗಂಟೆ ಕೊಡಿ. ಖಾಲಿಯಿಂದ ಶುರು ಮಾಡಿ ಪ್ರತಿ ಸಲ 500 ಕೆಜಿ ಸೇರಿಸುತ್ತಾ ಲೋಡ್ ಮಾಡಿ. ಎಷ್ಟು ತೂಕಕ್ಕೆ ಜಿಗಿತ ನಿಂತಿತು ಅಂತ ಆ ಸಂಖ್ಯೆಯನ್ನೂ ದೂರಿನಲ್ಲಿ ಹಾಕಿ, ಇಲ್ಲೂ ಹಾಕಿ.